ಬಾಚಾನನ ಬೆನ್ನು

ಫೆಬ್ರುವರಿ. ರಿಯೋನಿ ಹೊಳೆಯ ಬಿಳಿಗಲ್ಲುಗಳ ಮೇಲೆ
ತೆಳ್ಳಗೆ ಹಿಮ. ಕುತೈಸಿಯ ನಮ್ಮ ಶಿಶುವಿಹಾರದಲ್ಲಿ
ಹೀಟರು ಆಗಷ್ಟೇ ಕಾಯುತ್ತಿತ್ತು.
ಸಾರು ಚೆಲ್ಲಿಕೊಂಡಿದ್ದ ಬಾಚಾನ. ಅಂಗಿ ಕಳಚಿದೆ.
ಬೆನ್ನ ತುಂಬ ಬಾಸುಂಡೆ.

ಉದ್ದಕ್ಕೆ ಎರಡು, ಪಕ್ಕೆಯಲ್ಲೊಂದು,
ಸೊಂಟದ ಮೇಲೆ ಬೆರಳು ಬೆರಳಾಗಿ ಮೂರು.
'ಯಾರು ಮಾಡಿದ್ದು?'
'ಯಾರೂ ಇಲ್ಲ,' ಅಂದ ನಾಲ್ಕೂವರೆ ವರ್ಷದವ.
ಯಾರೂ ಇಲ್ಲ ಅನ್ನುವ ಮಕ್ಕಳನ್ನು ನಾನು ಬಲ್ಲೆ.
ಒಂದು ಕಾಲಕ್ಕೆ
ನಾನೂ ಹಾಗೇ ಅನ್ನುತ್ತಿದ್ದೆ.

ತಾಯಿ ಗ್ರೀಸಿನಲ್ಲಿ, ಯಾರದೋ ಮುದುಕಿಯ ಆರೈಕೆಗೆ.
ತಂದೆ ಮುರ್ಮಾನ್ ರೊಟ್ಟಿ ಸುಡುವವನು,
ಬಾವಿಯಂಥ ಮಣ್ಣೊಲೆಯೊಳಗೆ ಅರ್ಧ ಮೈ ಇಳಿಸಿ
ಸುಡುವ ಗೋಡೆಗೆ ಹಿಟ್ಟು ಬಡಿದು ಮೇಲೇಳುವವನು.
ಮೊಣಕೈವರೆಗೂ ಸುಟ್ಟ ಕಲೆ. ಮಾತು ಕಡಿಮೆ.
ಅಷ್ಟು ಸಾಕಾಯಿತು ನನಗೆ.
ಫೋನು ಮಾಡಿದೆ.

ಇಲಾಖೆಯ ಹುಡುಗಿ ಬಂದದ್ದು ಮಧ್ಯಾಹ್ನ,
ಒದ್ದೆ ಬೂಟು, ಎದೆಗೊತ್ತಿ ಹಿಡಿದ ಫಾರಂ.
ಅಂಗಿ ಎತ್ತಿದರೆ
ಬೆನ್ನು ಹಾಲಿನ ಹಾಗೆ.
ಒಂದು ಗೆರೆಯಿಲ್ಲ, ಗುರುತಿಲ್ಲ.
ಅವಳು ನನ್ನ ಮುಖ ನೋಡಿದಳು.
ಬಾಚಾನ ನಿಂತಲ್ಲೇ ತೊಡೆ ಪರಪರ ಕೆರೆಯುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ತ್ಸಿಯಾಲಾ
ತುರುಬಿಗೆ ಸಿಕ್ಕಿಸಿದ್ದ ನೀಲಿ ಪೆನ್ನು ಕಿತ್ತು
ತೊಡೆಯ ಮೇಲೆ ಉಬ್ಬಿದ್ದೊಂದೊಂದರ ಸುತ್ತಲೂ ಗೆರೆ ಎಳೆದರು.
'ಬಾಸುಂಡೆಯಲ್ಲ, ಎತೆರಿ. ಗಂಧೆ.
ಕೂತಿರಿ, ನೋಡೋಣ.'

ಅಷ್ಟರಲ್ಲಿ ಮುರ್ಮಾನ್ ಬಂದ, ರೆಪ್ಪೆಯ ಮೇಲೆ ಹಿಟ್ಟು ಹೊತ್ತು.
ಕೇಳದೆಯೇ ಒಪ್ಪಿಸತೊಡಗಿದ:
ಆಕ್ರೋಡು ಬಿಡಿಸಿದೆ. ಜೇನು ಬಿಡಿಸಿದೆ. ಮೊಟ್ಟೆಯೂ.
ಸೋಪು ಬದಲಾಯಿಸಿದೆ. ಕಂಬಳಿ ಕುದಿಸಿದೆ.
ಬೆಕ್ಕನ್ನು ಪಕ್ಕದ ಮನೆಗೆ ಕೊಟ್ಟೆ,
ಅದು ರಾತ್ರಿಯೆಲ್ಲ ಗೋಡೆಯಾಚೆ ಅಳುತ್ತದೆ.
ರಾತ್ರಿ ಎದ್ದದ್ದು ಬೆಳಗಾದರೆ ಇಲ್ಲ, ಡಾಕ್ಟರೇ.
ಇಲ್ಲದ್ದನ್ನು ಯಾರಿಗೆ ತೋರಿಸಲಿ?

'ನೆಗಡಿಯಾಗಿತ್ತೇ?'
'ಆಗಿತ್ತು, ಹತ್ತು ದಿನದ ಹಿಂದೆ. ಎರಡು ರಾತ್ರಿ ಜ್ವರ.
ಹೋಯಿತಲ್ಲ!'
'ಜ್ವರ ಹೋಯಿತು. ಮೈಗೆ ಅದಿನ್ನೂ ಗೊತ್ತಾಗಿಲ್ಲ.
ಕಳ್ಳ ಊರು ಬಿಟ್ಟ ಮೇಲೂ ನಾಯಿ ಬೊಗಳುತ್ತಲೇ ಇರುತ್ತದೆ,
ಎಲೆ ಬಿದ್ದರೂ, ಮನೆಯವರೇ ಬಂದರೂ.'

ನನ್ನಪ್ಪನ ಬೆಲ್ಟಿಗೆ ಹಿತ್ತಾಳೆಯ ಬಕ್ಕಲು ಇತ್ತು.
ಅವನು ಸತ್ತು ಮೂವತ್ತೊಂದು ವರ್ಷ.

ಮೂರು ತಾಸು ಕೂತೆವು, ಒಂದೇ ಬೆಂಚು,
ನಡುವೆ ಹುಡುಗ. ಯಾರು ಫೋನು ಮಾಡಿದ್ದೆಂದು
ಅವನಿಗೆ ಗೊತ್ತಿತ್ತು. ನನ್ನ ಕಡೆ ತಿರುಗಲಿಲ್ಲ.
ಮತ್ತೆ ನೋಡಿದಾಗ ನೀಲಿ ಗೆರೆಗಳಷ್ಟೇ ಉಳಿದಿದ್ದವು,
ಒಕ್ಕಲೆದ್ದು ಹೋದ ಹಟ್ಟಿಗಳ ಹಾಗೆ.
ಒಳಗಿದ್ದದ್ದೆಲ್ಲ ಗೆರೆ ದಾಟಿ
ಮೊಣಕಾಲ ಹಿಂದೆ, ಕಿವಿಯ ಬುಡದಲ್ಲಿ
ಹೊಸದಾಗಿ ಬಿಡಾರ ಹೂಡಿತ್ತು.

'ವಾರವೋ ಎರಡೋ. ತುಟಿ ಊದಿದರೆ, ಉಸಿರು ಸಿಕ್ಕಿದರೆ
ನಡುರಾತ್ರಿಯಾದರೂ ಓಡಿ ಬನ್ನಿ.
ಇಲ್ಲವಾದರೆ ಈ ಸಿರಪ್ಪು, ಸಡಿಲ ಅಂಗಿ.'
ಅವನು ಕೇಳಿದ್ದು ಒಂದೇ:
'ಬೆಕ್ಕನ್ನು ವಾಪಸು ತರಬಹುದೇ?'

ಫಾರಂ ಹಿಂದಕ್ಕೆ ಬರುವುದಿಲ್ಲವಂತೆ.
'ಮುಕ್ತಾಯ' ಎಂದು ಮೊಹರು ಬೀಳುತ್ತದೆ,
ಹೆಸರು ಕಡತದಲ್ಲಿ ಇರುತ್ತದೆ.

ಮಾರನೆಯ ದಿನ ಮಕ್ಕಳೆಲ್ಲ ಮುತ್ತಿಕೊಂಡರು,
ನಮಗೂ ಬೇಕು ಬಾಚಾನನ ನೀಲಿ ಉಂಗುರ.
ಹನ್ನೊಂದು ಪುಟ್ಟ ಮುಂಗೈಗಳ ಮೇಲೆ
ಏನೂ ಇಲ್ಲದ್ದರ ಸುತ್ತ ಗೆರೆ ಎಳೆದೆ.

ಸಂಜೆ ಮುರ್ಮಾನನ ಅಂಗಡಿಗೆ ಹೋದೆ. ಸಾಲಿನಲ್ಲಿ ನಿಂತೆ.
ಕಾಗದ ಸುತ್ತಿದ ರೊಟ್ಟಿ ಮುಂದಿಟ್ಟ,
ಚಿಲ್ಲರೆ ಎಣಿಸಿ ಕೊಟ್ಟ, ಒಂದೂ ಕಡಿಮೆಯಿಲ್ಲ.
ಆಗ ಕಂಡವು ಕೈಯ ಮೇಲಿನ ಕಲೆಗಳು,
ಎಲ್ಲವೂ ಹಳೆಯವು,
ಎಲ್ಲವೂ ಇದ್ದಲ್ಲೇ ಇದ್ದವು.